ಮೆಟ್ಟಿಲಿಗೆ ಹಾಲು

"ತಡಿಯೇ, ಈಗ್ಲೇ ಹಾಕ್ಬೇಡ," ಎಂದು ಮಹೇಶ ತಂಗಿಯ ಕೈ ಹಿಡಿದ. ಹಾಲಿನ ಲೋಟ ಶಾಂಭವಿಯ ಕೈಯಲ್ಲೇ ಉಳಿಯಿತು. ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ ಒಡೆದುಹೋಗಿದ್ದ ಹಳೆಯ ಮೆಟ್ಟಿಲುಗಳನ್ನು ಕಿತ್ತು, ಹಲಗೆ ಕಟ್ಟಿ ಆಗಿತ್ತು. ಕಾಂಕ್ರೀಟ್ ಸುರಿಯುವ ಮೊದಲು ಮನೆಯ ಹೆಣ್ಣುಮಗಳು ಅಲ್ಲಿ ಹಾಲೆರೆದು ಅರಿಸಿನ ಕುಂಕುಮ ಹಾಕಬೇಕು.

"ಲಾರಿಯವನು ಕಾಯಲ್ಲ ಅಣ್ಣ."

"ಕಾಯ್ತಾನೆ ಬಿಡು, ನಿನ್ನಷ್ಟು ಅವಸರ ಇಲ್ಲ ಅವ್ನಿಗೆ."

ಶಾಂಭವಿ ನಕ್ಕಳು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನ ಮಕ್ಕಳನ್ನು ಅವಳು ಬೆಳೆಸಿದ್ದು ಅಮೆರಿಕದ ಬಾಥೆಲ್ ಊರಿನ ಈ ಮನೆಯಲ್ಲೇ. ಕಳೆದ ಚಳಿಗಾಲದಲ್ಲಿ ಅವಳು ಈ ಮೆಟ್ಟಿಲ ಮೇಲೆಯೇ ಜಾರಿ ಬಿದ್ದಾಗ, "ಕೊನೇತನಕ ನೀನಿರೋ ಮನೆ ಕಣೆ, ಹೊಸ ಮೆಟ್ಲು ಮಾಡಿಸ್ತೀನಿ," ಎಂದಿದ್ದ ಮಹೇಶ.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ತೊಟ್ಟ ಹೆಂಗಸೊಬ್ಬಳು ಇಳಿದಳು. "ಸಾರಿ, ಫೋರ್ ಓ ಫೈವ್ ಹೈವೇಲಿ ಟ್ರಾಫಿಕ್ಕು. ಪೂಜೆ ಆಗೋಯ್ತಾ?"

"ನೀವಿಲ್ದೆ ಹೇಗಾಗುತ್ತೆ ವೈಶಾಲಿ? ಮನೆ ಕೊಂಡೋರೇ ತಾನೆ ಮಾಡ್ಬೇಕು," ಎಂದ ಮಹೇಶ. ಆಮೇಲೆ ತಂಗಿಯ ಮುಖ ನೋಡದೆ, "ಬೇಜಾರ್ ಮಾಡ್ಕೋತೀಯ ಅಂತ ಹೇಳ್ಲಿಲ್ಲ," ಎನ್ನುತ್ತಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಲೋಟವನ್ನು ವೈಶಾಲಿಗೆ ಕೊಟ್ಟ.