ಚಿಗುರಿದ ಗೂಟ

"ಇದೊಂದು ಗೂಟ ಮಾತ್ರ ಚಿಗುರಿಬಿಟ್ಟಿದೆ ನೋಡಪ್ಪ. ಕಿತ್ತುಹಾಕು, ಗುಲಾಬಿಗೆ ಹಾಕಿದ ನೀರನ್ನೆಲ್ಲ ಇದೇ ಕುಡಿಯತ್ತೆ," ಎಂದರು ತೋಟದ ಯಜಮಾನಿ.

ಬೇಲಿ ಹೆಣೆಯುವವನು ಮಂಡಿಯೂರಿ ಕುಳಿತ. ಈ ಇಂಗ್ಲಿಷ್ ಗುಲಾಬಿಗಳ ಪಾತಿಗೆ ಸುತ್ತ ಗೂಟ ನೆಟ್ಟು ಮೊಣಕಾಲೆತ್ತರದ ಕಡ್ಡಿಯ ಅಂಚು ಹೆಣೆದದ್ದು ಅವನೂ ಅವನ ಮಗಳೂ. ಹಸಿ ಗೂಟವನ್ನು ಬುಡ ಮೇಲಾಗಿ ನೆಡಬೇಕು, ಆಗ ಅದು ಬೇರು ಬಿಡುವುದಿಲ್ಲ. ಅದು ಅವಳಿಗೆ ಚಿಕ್ಕಂದಿನಿಂದಲೂ ಗೊತ್ತು. ಆದರೂ ಆ ದಿನ ಇದೊಂದನ್ನು ಬುಡ ಕೆಳಗಾಗಿಯೇ ಬಡಿದು, ಪಕ್ಕದಲ್ಲೇ ಕೂತುಬಿಟ್ಟಿದ್ದಳು.

"ಯಾಕೋ ಸುಸ್ತಾಗ್ತಿದೆ ಅಪ್ಪ."

"ಕಳ್ಳಿ, ಕೆಲಸ ಅಂದ್ರೆ ಸುಸ್ತು! ಏಳು, ಕಿತ್ತು ತಿರುಗಿಸಿ ನೆಡು," ಎಂದು ಗದರಿ ಅವನು ಕಡ್ಡಿಯ ಹೊರೆ ತರಲು ಹೋಗಿದ್ದ. ವಾಪಸು ಬಂದಾಗ, "ತಿರುಗಿಸಿದೆ ಅಪ್ಪ," ಎಂದು ನಕ್ಕಿದ್ದಳು. ಮರುವಾರ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ.

ಅವನು ಎರಡೂ ಕೈಯಿಂದ ಗೂಟವನ್ನು ಹಿಡಿದುಕೊಂಡ. ಎಳೆಯ ಎಲೆಗಳು ಮಣಿಕಟ್ಟಿಗೆ ತಾಗಿದವು.

"ಬರ್ತಿಲ್ವೇನಪ್ಪ?" ಎಂದು ಯಜಮಾನಿ ಕೇಳಿದರು.

ಅವನಿನ್ನೂ ಎಳೆದೇ ಇರಲಿಲ್ಲ.

"ಇದೊಂದನ್ನ ಕೀಳೋಕೂ ಶಕ್ತಿ ಇರ್ಲಿಲ್ವೇನೇ ನಿಂಗೆ?" ಎಂದ, ಗೂಟಕ್ಕೆ ಹಣೆ ಹಚ್ಚಿ.