ಬೇರಿಗಂಟಿದ ಮಣ್ಣು

ಸಂಶೋಧನೆಯ ಹುಡುಗಿ ಸೌಮ್ಯಶ್ರೀ ನಂಜಪ್ಪನ ತೋಟದಲ್ಲಿ ಬಾಳೆಯ ಬೇರೊಂದನ್ನು ಕಿತ್ತು ಉದ್ದಕ್ಕೆ ಸೀಳಿ ತೋರಿಸಿದಳು. ಬೆಳ್ಳಗಿರಬೇಕಿದ್ದ ಒಳಭಾಗದ ತುಂಬ ಕೆಂಗಂದು ಮಚ್ಚೆ.

"ಇದರೊಳಗಿನ ದುಂಡುಹುಳ ಬರಿಗಣ್ಣಿಗೆ ಕಾಣೋದಿಲ್ಲ. ಹೋದ ಸಲ ಒಯ್ದ ಮಣ್ಣನ್ನ ಸೋಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ವಿ. ಬಾಯಲ್ಲಿರೋ ಸೂಜಿ, ಬಾಲದ ತುದಿ, ಯಾವುದೂ ಗೊತ್ತಿರೋ ಜಾತಿಗೆ ಹೊಂದ್ತಿಲ್ಲ. ಹೊಸದು. ಸಿಕ್ಕಿದ ಊರಿನ ಹೆಸರೇ ಇಡೋಣ ಅಂತಿದ್ದಾರೆ ನಮ್ಮ ಗೈಡು."

ಗೊನೆ ಸಮೇತ ಮಗುಚಿದ್ದ ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ನಂಜಪ್ಪ ನಕ್ಕ. "ನಮ್ಮೂರ ಎಸ್ರು ಬಸ್ಸಿನ ಬೋರ್ಡಲ್ಲೂ ಇಲ್ಲ. ಹುಳಕ್ಕಾದ್ರೂ ಬರ್ಲಿ ಬುಡವ್ವ."

ಅವನ ಹೆಂಡತಿ ಬೈರಮ್ಮ ನಗಲಿಲ್ಲ. "ಇದು ಬ್ಯಾರೆ ತೋಟಕ್ಕೂ ಓಯ್ತದಾ?"

"ತಾನಾಗಿ ದೂರ ಹೋಗೋದಿಲ್ಲಮ್ಮ. ನೆಡೋಕೆ ಅಗೆದು ಒಯ್ಯೋ ಕಂದಿನ ಬೇರಲ್ಲಿ, ಬೇರಿಗಂಟಿದ ಮಣ್ಣಲ್ಲಿ ಹೋಗುತ್ತೆ. ಒಮ್ಮೆ ಹೊಕ್ಕರೆ ತೆಗೆಯೋದು ಕಷ್ಟ. ಈ ತೋಟದ ಕಂದು ಯಾರಿಗಾದ್ರೂ ಕೊಟ್ಟಿದ್ದೀರಾ? ಅಲ್ಲೂ ಅಗೆದು ನೋಡಬೇಕು."

"ಯಾರ್ಗೂ ಕೊಟ್ಟಿಲ್ಲ ಕಣವ್ವ."

ನಂಜಪ್ಪ ಹೆಂಡತಿಯ ಮುಖ ನೋಡಿದ. ಬೀಡಿ ಹಚ್ಚಿಕೊಂಡ.

ಮಗಳು ರಮ್ಯ ಮದುವೆಯಾಗಿ ನಾಗಮಂಗಲದ ಕಡೆಗೆ ಹೊರಟಾಗ ಬೈರಮ್ಮನೇ ಕಂದೊಂದನ್ನು ಅಗೆದು ಕೊಟ್ಟಿದ್ದಳು. ತವರ ಮಣ್ಣು ಕೊಡವಬಾರದೆಂದು ಹೆಂಟೆ ಸಮೇತ ಗೋಣಿಯಲ್ಲಿ ಸುತ್ತಿದ್ದಳು. ಅದೇ ತಿಂಗಳು ಬೀಗರ ಮನೆಯ ಕರೆಯುವ ಎಮ್ಮೆ ಸತ್ತಿತು. ಸೊಸೆಯ ಕಾಲ್ಗುಣ ಎಂದರು ಬೀಗಿತ್ತಿ. ರಮ್ಯ ಫೋನಿನಲ್ಲಿ ಮಾತಾಡುವುದಕ್ಕಿಂತ ಅಳುವುದೇ ಹೆಚ್ಚಾಗಿತ್ತು. ಅವರ ಹಿತ್ತಲಲ್ಲಿ ನೆಟ್ಟ ಆ ಬಾಳೆ ಮೊದಲ ಗೊನೆ ಬಿಟ್ಟ ಮೇಲೆಯೇ ಬೀಗಿತ್ತಿಯ ಬಾಯಿ ತಣ್ಣಗಾದದ್ದು. ಈಗ ಈ ಹುಡುಗಿ ಅಲ್ಲಿಗೂ ಗುದ್ದಲಿ ಹಿಡಿದು ಹೋದರೆ? ರೋಗವೂ ಸೊಸೆಯೇ ತಂದದ್ದು ಎನ್ನುವುದಿಲ್ಲವೇ?

ಸೌಮ್ಯಶ್ರೀ ಮಣ್ಣಿನ ಚೀಲಗಳ ಬಾಯಿ ಕಟ್ಟುತ್ತಿದ್ದಾಗ ಬೈರಮ್ಮನ ಫೋನು ಹೊಡೆದುಕೊಂಡಿತು. ರಮ್ಯ. ಬೈರಮ್ಮ ಬದುವಿನಾಚೆ ಹೋಗಿ ಕಿವಿಗಿಟ್ಟುಕೊಂಡಳು.

"ಅವ್ವ, ಅತ್ತೆ ನಮ್ಮ ಬಾಳೆ ಕಂದ ಪಾಂಡವಪುರಕ್ಕೆ ನಾದ್ನಿ ಮನೆಗೆ ಕಳಿಸ್ತಾವ್ರೆ. ಸೊಸೆ ತವರಿಂದು ಅಂತ ಕಂಡೋರಿಗೆಲ್ಲ ಏಳ್ಕಂಡು ತಿರುಗ್ತಾವ್ರೆ. ಅವ್ರೇ ಅಗ್ದು ಮಡಗವ್ರೆ, ಮಣ್ಣು ಒಂಚೂರೂ ಉದ್ರಿಲ್ಲ. ಇವ್ರು ಗಾಡಿ ಸ್ಟಾರ್ಟ್ ಮಾಡ್ಕಂಡು ನಿಂತವ್ರೆ." ಮಗಳ ದನಿ ಇಷ್ಟು ಹಗುರಾಗಿ ಎಂದೂ ಕೇಳಿರಲಿಲ್ಲ. "ಅವ್ವ? ಇದೀಯಾ?"

ಬೈರಮ್ಮ ತಿರುಗಿ ನೋಡಿದಳು. ತೋಟದ ಅಂಚಿನಲ್ಲಿ ಸೌಮ್ಯಶ್ರೀ ಕಡ್ಡಿ ಹಿಡಿದು ಬೂಟಿನ ಅಟ್ಟೆಯ ಮಣ್ಣನ್ನು ಕೆರೆದು ತೆಗೆಯುತ್ತಿದ್ದಳು, ಒಂದು ಹರಳನ್ನೂ ಬಿಡದೆ.

"ಇವ್ನಿ," ಎಂದಳು ಬೈರಮ್ಮ. "ಬೇರು ಒಣಗ್ದಂಗೆ ದಾರೀಲಿ ನೀರು ಚಿಮುಕ್ಸಕ್ಕೇಳು."