ಪಾಠದೊಳಗಿನ ಕುಶಲಾ

"ಗುಬ್ಬಚ್ಚಿ ಗೂಡಿಗೆ ಹುಲ್ಲು ತಂದಿತು. ಮರಿಗಳು ಬಾಯಿ ತೆರೆದವು. ಕುಶಲಾ, ಹಾಲು ಉಕ್ಕುತ್ತದೆ, ಗ್ಯಾಸ್ ಸಣ್ಣ ಮಾಡು. ತಾಯಿಗುಬ್ಬಿ ಮರಿಗಳಿಗೆ ಕಾಳು ಕೊಟ್ಟಿತು."

ಮೂರನೇ ತರಗತಿಯ ಹಸ್ನಾ ಎಲ್ಲಿಯೂ ತಡೆಯದೆ ಓದಿ ಮುಗಿಸಿದಳು. ಶಾಲೆ ತಪ್ಪಿದ ಮಕ್ಕಳಿಗೆ ಹಿಂದಿನ ತರಗತಿಗಳ ಪುಸ್ತಕವನ್ನೇ ಮತ್ತೆ ಓದಿಸುವ ಸೇತುಬಂಧದ ದಿನಗಳವು. ಹಿಂದಿನ ಬೆಂಚಿನಿಂದ ಡೆನ್ವರ್, "ಗುಬ್ಬಿಯ ಮನೆಯಲ್ಲಿ ಗ್ಯಾಸ್ ಉಂಟು ಮಾರಾಯ!" ಎಂದ. ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ, ಮೇಜಿನ ಅಂಚು ಹಿಡಿದು ನಿಂತರು. ಅವರ ಹೆಸರೇ ಕುಶಲಾ ಎಂಬುದು ಮಕ್ಕಳಿಗೆ ಗೊತ್ತಿರಲಿಲ್ಲ. ಅವರಿಗೆ ಟೀಚರ್ ಎಂದರೆ ಟೀಚರ್. ಆದರೆ ಮಗುವಿನ ಬಾಯಿಂದ ಬಂದದ್ದು ಕುಶಲಾ ಟೀಚರ ಗಂಡನ ಮಾತು. 'ಉಕ್ಕುತ್ತದೆ' ಎನ್ನುವಾಗಿನ ಆ ಎಳೆತ ಕೂಡ ಆತನದೇ.

ಉಮಾನಾಥ ಸಾರ್ ಕಾಪುವಿನ ಈ ಶಾಲೆಯಲ್ಲಿ ಒಂದನೇ ತರಗತಿಗೆ ಕಲಿಸುತ್ತಿದ್ದವರು. ಕೊರೋನಾ ಬಂದು ಶಾಲೆಗೆ ಬೀಗ ಬಿದ್ದಾಗ ಮನೆಯಲ್ಲಿ ಕುಳಿತು ಪಾಠ ಓದಿ, ರೆಕಾರ್ಡ್ ಮಾಡಿ, ಮಕ್ಕಳ ಮನೆಯವರ ಫೋನಿಗೆ ಕಳಿಸುತ್ತಿದ್ದರು. ಹೆಂಡತಿಯೊಡನೆ ತುಳು ಮಾತಾಡುವ ಮನುಷ್ಯ, ಪಾಠದ ಧಾಟಿಯಲ್ಲಿದ್ದುದರಿಂದ, ಹಾಲು ಉಕ್ಕಿದ ದಿನ ಓದಿನ ನಡುವೆ ಕನ್ನಡದಲ್ಲೇ ಕರೆದುಬಿಟ್ಟಿದ್ದರು. ಮರುವರ್ಷ ಅದೇ ರೋಗಕ್ಕೆ ಸಾರ್ ತೀರಿಕೊಂಡರು. ಆಸ್ಪತ್ರೆಯಿಂದ ಕನ್ನಡಕ ಬಂತು, ಫೋನ್ ಬರಲಿಲ್ಲ. ಒಂದೇ ಸೂರಿನಡಿ ಇದ್ದ ಹೆಂಡತಿಗೆ ಅವರು ಯಾವತ್ತೂ ಹಾಗೆ ಸ್ವರ ಕಳಿಸಿದವರಲ್ಲ. ಕಳಿಸುವ ಅಗತ್ಯವೇನಿತ್ತು? ಶಾಲೆ ತೆರೆದ ಮೇಲೆ ಕುಶಲಾ ಟೀಚರ್ ಬಜಗೋಳಿಯ ಶಾಲೆಯಿಂದ ವರ್ಗ ಕೇಳಿಕೊಂಡು ಇಲ್ಲಿಗೆ ಬಂದದ್ದು, ಗಂಡ ನಡೆದಾಡಿದ ಜಗಲಿಯಲ್ಲಾದರೂ ನಡೆಯೋಣವೆಂದು.

ಊಟದ ಬಿಡುವಿನಲ್ಲಿ ಹಸ್ನಾಳನ್ನು ಹತ್ತಿರ ಕರೆದು, ಪುಸ್ತಕದ ಮೇಲೆ ಬೆರಳಿಟ್ಟು, "ಇದು ಯಾವ ಅಕ್ಷರ ಮಗಾ?" ಎಂದು ಕೇಳಿದರು. ಹುಡುಗಿ ಟೀಚರ ಮುಖ ನೋಡಿದಳು. ಇನ್ನೊಂದು ತೋರಿಸಿದರು. ಮತ್ತೆ ಮುಖವನ್ನೇ ನೋಡಿದಳು. ಇಡೀ ಪುಸ್ತಕ ಬಾಯಿಗೆ ಬರುತ್ತಿತ್ತು. ಒಂದಕ್ಷರವೂ ಕಣ್ಣಿಗೆ ಹತ್ತಿರಲಿಲ್ಲ.

ಸಂಜೆ ಮಗಳನ್ನು ಕರೆದೊಯ್ಯಲು ಬಂದ ರಿಝಾನಾಳನ್ನು ಟೀಚರ್ ಗೇಟಿನ ಬಳಿ ನಿಲ್ಲಿಸಿ, ಹಸ್ನಾ ಆ ಪಾಠ ಎಲ್ಲಿಂದ ಕಲಿತಳೆಂದು ಕೇಳಿದರು.

"ಇವಳು ಸಾರ್‌ನ ಪಾಠ ನನ್ನ ಫೋನಿನಲ್ಲಿ ದಿನವೂ ಕೇಳುತ್ತಿದ್ದಳು ಟೀಚರ್. ಮಲಗುವಾಗಲೂ ಸಾರೇ ಆಗಬೇಕು."

"ಆ ಫೋನ್ ಈಗ ಉಂಟಾ?" ಟೀಚರ್ ಒಂದು ಹೆಜ್ಜೆ ಮುಂದೆ ಬಂದರು.

"ಎಲ್ಲಿ ಟೀಚರ್! ನೀರಿಗೆ ಬಿದ್ದು ಕೆಟ್ಟಿತು, ಗುಜರಿಗೆ ಹೋಯಿತು. ನಮ್ಮ ಯಜಮಾನರು, ಇವಳ ಉಪ್ಪ, ದುಬೈಯಿಂದ ಹೊಸತು ತಂದರು. ಯಾಕೆ, ಎಂತ ಆಯಿತು? ಇವಳಿಗೆ ಓದಲು ಬರುತ್ತದೆ, ಅಲ್ವಾ?"

"ಬರುತ್ತದೆ, ಬರುತ್ತದೆ" ಎಂದರು ಟೀಚರ್. ಆ ಸುಳ್ಳು ಅವರ ನಾಲಿಗೆಗೆ ಹೇಗೆ ಬಂತೋ ದೇವರೇ ಬಲ್ಲ.

ಬೇರೆ ಮಕ್ಕಳ ಮನೆಯ ಫೋನುಗಳಲ್ಲೂ ಆ ಪಾಠ ಉಳಿದಿರಲಿಲ್ಲ. ಅಂದಿನಿಂದ ಶಾಲೆ ಬಿಟ್ಟ ಮೇಲೆ ಹಸ್ನಾಳನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳತೊಡಗಿದರು. ಕೂರಿಸುವುದು ಅಕ್ಷರ ಕಲಿಸಲಿಕ್ಕೇ. ಆದರೆ, "ಮೊದಲು ಒಮ್ಮೆ ಹೇಳು" ಎನ್ನುವರು. ಒಮ್ಮೆ ಹೋಗಿ ಮತ್ತೊಮ್ಮೆ ಆಗುತ್ತಿತ್ತು. ಅಷ್ಟರಲ್ಲಿ ರಿಝಾನಾ ಬಂದು ನಿಲ್ಲುತ್ತಿದ್ದಳು. ಅಕ್ಷರ ಹಿಡಿದು ಓದತೊಡಗಿದ ಮಗುವಿನಿಂದ ಬಾಯಿಪಾಠ ಕಳಚಿಹೋಗುತ್ತದೆ, ಅದರೊಡನೆ ಆ ಎಳೆತವೂ ಹೋಗುತ್ತದೆ. ತಲೆ ನೆರೆಯುವವರೆಗೆ ಕಲಿಸಿದವರಿಗೆ ಇದು ತಿಳಿಯದ್ದಲ್ಲ. ಮನೆಯಲ್ಲಿ ದೇವರಿಗೆ ದೀಪ ಹಚ್ಚುವಾಗ, "ನಾಳೆಯಿಂದ ಕಲಿಸುತ್ತೇನೆ, ಕೃಷ್ಣಾ" ಎನ್ನುವರು. ನಾಳೆ ಬಂದರೆ ಮತ್ತೆ, "ಒಮ್ಮೆ ಹೇಳು."

ಒಂದು ಸಂಜೆ ಹಸ್ನಾ ಹೇಳಲಿಲ್ಲ.

"ಯಾಕೆ ಮಗಾ?"

"ಎಲ್ಲರೂ ನಗಾಡುತ್ತಾರೆ ಟೀಚರ್. ಪುಸ್ತಕದಲ್ಲಿ ಕುಶಲಾ ಇಲ್ಲವೇ ಇಲ್ಲವಂತೆ, ನನಗೆ ಓದಲು ಬರುವುದಿಲ್ಲವಂತೆ. ಅವಳು ಎಲ್ಲಿದ್ದಾಳೆ, ತೋರಿಸಿ. ಡೆನ್ವರನಿಗೆ ನಾನು ತೋರಿಸಬೇಕು."

"ಪುಸ್ತಕದಲ್ಲಿ ಅವಳು ಇಲ್ಲ."

ಹುಡುಗಿಯ ಕಣ್ಣು ತುಂಬಿತು. "ಮತ್ತೆ ಸಾರ್ ಕರೆದದ್ದು?"

ಟೀಚರ್ ಕಿಟಕಿಯಾಚೆ ನೋಡುತ್ತ ಕೇಳಿದರು, "ಸಾರ್ ಕರೆದಾಗ ಅವಳು ಎಂತ ಹೇಳಿದಳು?"

"ಎಂತದೂ ಇಲ್ಲ ಟೀಚರ್. ಸಾರ್ ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತಾರೆ. ಯಾರೂ ಮಾತಾಡುವುದಿಲ್ಲ. ಮತ್ತೆ ಪಾಠ."

ಪಾಠದ ನಡುವೆ ತನ್ನ ಸ್ವರ ಸೇರಬಾರದೆಂದು ಅಂದು ಉಸಿರು ಬಿಗಿಹಿಡಿದು, ತುದಿಗಾಲಿನಲ್ಲಿ ಹೋಗಿ ಗ್ಯಾಸ್ ಸಣ್ಣ ಮಾಡಿದ್ದು ಕುಶಲಾ ಟೀಚರಿಗೆ ನೆನಪಾಯಿತು. ಹಸ್ನಾಳ ಪುಟ್ಟ ಬೆರಳನ್ನು ಹಿಡಿದು ಮೊದಲ ಸಾಲಿನ ಮೊದಲ ಅಕ್ಷರದ ಮೇಲಿಟ್ಟರು.

"ಸಾರ್ ಹೇಳಿದ್ದು ಈಗ ಬೇಡ ಮಗಾ. ಇದನ್ನು ನೋಡಿ ನೀನು ಹೇಳು."

ಹಸ್ನಾ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಟೀಚರ್ ಕಾದರು.